ಓಗೊಡುವಷ್ಟು ಹೊತ್ತು

ಅಕ್ಟೋಬರ್ ಇಪ್ಪತ್ತೊಂದಕ್ಕೆ ಇನ್ನು ಒಂಬತ್ತು ದಿನ.
ಕನ್ನಡ ಬರುತ್ತದೆಂಬ ಒಂದೇ ತಪ್ಪಿಗೆ
ಪಟ್ಟಿ ನನ್ನ ಮೇಜಿಗೆ ಬಂತು:
ಹದಿನಾಲ್ಕು ಹೆಸರು, ಹದಿನಾಲ್ಕು ವಿಳಾಸ,
ಫೋನ್ ನಂಬರು ಹನ್ನೊಂದೇ.
"ಕುಂಬಳೆಯಿಂದ ಆಚೆಗೆಲ್ಲ ನೀವೇ ಮಾತಾಡಿ, ಜಲಜಾಕ್ಷಿ,
ನಮ್ಮ ಮಲಯಾಳ ಕೇಳಿದರೆ ಅವರು
ಸಮನ್ಸ್ ಅಂದುಕೊಳ್ಳುತ್ತಾರೆ" ಎಂದರು ಎಸ್ಸೈ.
ನಗಬೇಕಿತ್ತೋ ಏನೋ. ನಕ್ಕೆ.

ಮೊದಲು ಕುರ್ಚಿ.
ಕ್ಯಾಂಪಿನಲ್ಲಿರುವುದು ಕಬ್ಬಿಣದ್ದು, ಮಡಚುವಾಗ ಬೆರಳು ಕಚ್ಚುತ್ತದೆ.
ವಿದ್ಯಾನಗರದ ಶಾಮಿಯಾನದವನ ಹತ್ತಿರ ಪ್ಲಾಸ್ಟಿಕ್ಕಿನದುಂಟು,
ಒಂದಕ್ಕೆ ಎಂಟು ರೂಪಾಯಿ;
ಮದುವೆಯ ಕೆಂಪು ಬಟ್ಟೆ ಬಿಚ್ಚಿ ಕಳಿಸು ಎಂದಿದ್ದೇನೆ.
ಹಳೆಯ ಫೈಲಿನ ನಕ್ಷೆಯಲ್ಲಿ
ಮೊದಲ ಸಾಲು ದೊಡ್ಡವರಿಗೆ, ನೆರಳಿನಲ್ಲಿ,
ಮನೆಯವರು ಕೊನೆಗೆ, ಬಿಸಿಲಿನಲ್ಲಿ.
ನಕ್ಷೆಯನ್ನು ತಲೆಕೆಳಗು ಮಾಡಿ ಟೈಪು ಹೊಡೆಸಿದೆ.
ಇವತ್ತಿನವರೆಗೆ ಯಾರೂ ಗಮನಿಸಿಲ್ಲ.

ಬೇಳದ ಸೆಲಿನ್ ಬಾಯಿ ಕೇಳಿದರು,
ವಾಪಸು ಬರಲಿಕ್ಕೆ ಗಾಡಿ ಉಂಟಾ?
ಆವತ್ತು ಜೀಪಲ್ಲಿ ಕರಕೊಂಡು ಹೋದವರು
ಸಂಜೆಗೆ ಮರೆತರು.
ಹೂವಿನ ಹಾರ ಮಡಿಲಲ್ಲಿಟ್ಟುಕೊಂಡು
ನಿಂತೇ ಬಂದೆ, ಕೊನೆಯ ಬಸ್ಸಿನಲ್ಲಿ.
ಬರೆದುಕೊಂಡೆ: ವಾಹನ. ಎರಡೂ ಕಡೆಗೆ.

ಉಪ್ಪಳದ ಉಮ್ಮಾಲಿಯುಮ್ಮ:
ಮೊಮ್ಮಗನ ಕೈಗೆ ಈ ಸಲ ಮೈಕ್ ಕೊಡಬೇಡಿ.
ಅವನು ಅಪ್ಪನನ್ನು ಕಂಡದ್ದು ಫೋಟೊದಲ್ಲಿ ಮಾತ್ರ,
ಒಂದು ಫೋಟೊದ ಬಗ್ಗೆ
ಎಷ್ಟೂಂತ ಮಾತಾಡಲಿಕ್ಕಾಗ್ತದೆ?

ಪೈವಳಿಕೆಯ ಯಮುನಾವತಿಯ ಗಂಡ
ಗಡಿಯ ಚೆಕ್‌ಪೋಸ್ಟಿನಲ್ಲಿ, ಬೆಳಗಿನ ಜಾವ, ಗುಂಡಿಗೆ ಹೋದವರು.
ಅಲ್ಲಿಂದೀಚೆಗೆ ದೀಪಾವಳಿಗೆ ಅವರು
ಕಿವಿಗೆ ಹತ್ತಿ ಇಟ್ಟುಕೊಂಡು ಒಳಕೋಣೆಯಲ್ಲಿ ಮಲಗುತ್ತಾರಂತೆ.
"ಬರ್ತೇನೆ. ಆದರೆ ಮೂರು ಸುತ್ತು ಹಾರಿಸ್ತೀರಲ್ಲ,
ಅದು ಬೇಕೇ ಬೇಕಾ?"
ಮೇಲಿನವರಿಗೆ ಬರೆದು ಕೇಳಿದೆ.
ಬಂದ ಉತ್ತರ: ಕ್ರಮ ಪ್ರಕಾರ.
ಈಗ ನನ್ನದೊಂದು ಉಪಾಯ.
ಕ್ಯಾಂಟೀನಿನ ಹಿಂದೆ ಗೇರುಮರದ ಬುಡದಲ್ಲಿ
ನಾಯಿದಳದ ಮುದಿ ನಾಯಿಯನ್ನು ಕಟ್ಟುತ್ತಾರೆ,
ಅದಕ್ಕೂ ಆ ಸದ್ದು ಆಗದು.
ಇಬ್ಬರೂ ಅಲ್ಲಿ ಕೂತಿರಲಿ,
ನೀರಿನ ಮೋಟರ್ ಓಡಿಸುತ್ತೇನೆ.

ಪಟ್ಟಿಯಲ್ಲಿಲ್ಲದ ಒಬ್ಬಳು ತಾನಾಗಿಯೇ ಫೋನ್ ಮಾಡಿದಳು.
ಸಹಿ ಹಾಕಿ ಹೊರಟ ಇಪ್ಪತ್ತು ನಿಮಿಷಕ್ಕೆ, ಬೈಕಿನಲ್ಲಿ,
ಎರಡು ರಾತ್ರಿಯ ನಿದ್ದೆ ಬಾಕಿ,
ಯೂನಿಫಾರ್ಮು ಮೈಮೇಲೇ ಇತ್ತು.
ಲೆಕ್ಕಕ್ಕೆ ಬರಲಿಲ್ಲ ಮೇಡಂ.
ಚಹಾಕ್ಕೆ ಬನ್ನಿ ಎಂದೆ.
ಹಾಗೆ ಹೇಳಬಾರದಿತ್ತು.

ಪಟ್ಟಿ ಮಲಯಾಳದಲ್ಲಿದೆ.
ಐತಪ್ಪ ಐತ್ತಪ್ಪನ್ ಆಗಿದ್ದಾನೆ, ಚನಿಯಪ್ಪ ಚನಿಯಪ್ಪನ್.
ಬದುಕಿದ್ದಾಗ ಇಲ್ಲದ ಬಾಲ ಸತ್ತ ಮೇಲೇಕೆ?
ಪೆನ್ಸಿಲು ಹಿಡಿದು ಆ 'ನ್'ಗಳನ್ನು
ಒಂದೊಂದಾಗಿ ಹೊಡೆದು ಹಾಕಿದೆ.

ಸರಿ ಮಾಡಿದ್ದು ಸರಿಯುಂಟಾ ಎಂದು ಕೇಳಲಿಕ್ಕೇ
ಎಣ್ಮಕಜೆಗೆ ಫೋನ್ ಹಚ್ಚಿದ್ದು.
ಐತಪ್ಪನ ತಾಯಿ ಕೊರಪೊಳು, ಎಂಬತ್ತು ದಾಟಿದೆ, ಕಿವಿ ಮಂದ,
ಫೋನನ್ನು ಕಿವಿಗೆ ಹಿಡಿದವಳು ಪಕ್ಕದ ಮನೆಯ ಹುಡುಗಿ.
ಜೋರಾಗಿ ಓದಿದೆ: ಐತಪ್ಪಾ!
ಸ್ವಲ್ಪ ತಡೆದು ಆ ಕಡೆಯಿಂದ ಬಂತು:
ಓ...
ಒಪ್ಪಿದೆ ಎನ್ನುವ ಓ ಅಲ್ಲ.
ಗುಡ್ಡೆಯಾಚೆಯಿಂದ ಯಾರೋ ಕರೆದಾಗ,
ಮಗ ಬಚ್ಚಲಲ್ಲೋ ತೋಡಿನ ಕರೆಯಲ್ಲೋ ಇದ್ದರೆ
ಅವನ ಬದಲಿಗೆ ಅಮ್ಮ ಓಗೊಡುವ
ಓ.

ನಿಯಮದಲ್ಲಿ ಉಂಟು:
ಹೆಸರು ಹೆಸರಿನ ನಡುವೆ ಎರಡು ಸೆಕೆಂಡು.
ಸಂಜೆ ಖಾಲಿ ಮೈದಾನದಲ್ಲಿ ನಿಂತು ಓದಿ ನೋಡಿದೆ.
ಸಾಲದು.
ಕಾರ್ಯಕ್ರಮ ಐದಾರು ನಿಮಿಷ ಉದ್ದವಾಗುತ್ತದೆ ಸರ್,
ಮೈಕಿನವನ ತೊಂದರೆ,
ಎಂದಿದ್ದೇನೆ ಎಸ್ಸೈಗೆ.

ನಾಳೆಗೆ: ಚಹಾ ಎಂಬತ್ತು, ಸಕ್ಕರೆ ಹಾಕದ್ದು ಹನ್ನೆರಡು.
ಹೆಸರಿಲ್ಲದ ಒಂದು ಕುರ್ಚಿ ಜಾಸ್ತಿ.
ಕೊರಪೊಳು ಅವರಿಗೆ
ಕೈಯಿರುವ ಕುರ್ಚಿ.